ಆಡಮ್ ಗುಡ್ಸ್ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬರು ಮತ್ತೆ ಅದೇ ಮಾತು ತೆಗೆದರು. "ಗುಡ್ಸ್ ಒಳ್ಳೆ ಆಟಗಾರ, ಆದ್ರೆ ಜಾಸ್ತಿ ಸೂಕ್ಷ್ಮ ಕಣ್ರೀ." ಮೆಲ್ಬರ್ನ್‌ನಲ್ಲಿದ್ದು ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ನೋಡುವ ನಮ್ಮವರ ಬಾಯಲ್ಲೇ ಇದನ್ನು ಕೇಳಿದರೆ ಮೈ ಉರಿಯುತ್ತದೆ.

ಗುಡ್ಸ್ ಆಸ್ಟ್ರೇಲಿಯಾದ ಮೂಲನಿವಾಸಿ, ಸಿಡ್ನಿ ಸ್ವಾನ್ಸ್ ಕ್ಲಬ್‌ಗೆ 372 ಪಂದ್ಯ ಆಡಿದವನು. ಲೀಗಿನ ಅತ್ಯುತ್ತಮ ಆಟಗಾರನಿಗೆ ಸಿಗುವ ಬ್ರೌನ್‌ಲೋ ಪದಕ ಎರಡು ಸಲ, 2003 ಮತ್ತು 2006ರಲ್ಲಿ. 2012ರ ಗ್ರ್ಯಾಂಡ್ ಫೈನಲ್‌ನಲ್ಲಿ ಮಂಡಿಯ ಲಿಗಮೆಂಟ್‌ಗೆ ಪೆಟ್ಟಾದರೂ ಮೈದಾನ ಬಿಡದೆ ಕೊನೆಯ ಕ್ವಾರ್ಟರ್‌ನಲ್ಲಿ ಗೋಲು ಹೊಡೆದ. ಅಂಥವನನ್ನು ಸೂಕ್ಷ್ಮ ಅಂತೀರಾ?

2013ರ ಮೇ ತಿಂಗಳು. ಮೆಲ್ಬರ್ನ್‌ನ ದೊಡ್ಡ ಮೈದಾನ ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಕ್ಲಬ್ ವಿರುದ್ಧ ಪಂದ್ಯ. ಮೂಲನಿವಾಸಿಗಳ ಗೌರವಕ್ಕೆಂದೇ ಇಟ್ಟ ಸುತ್ತು. ಗೆರೆಯ ಹತ್ತಿರ ಓಡುತ್ತಿದ್ದಾಗ ಬೇಲಿಯ ಆಚೆಯಿಂದ ಯಾರೋ "ಏಪ್", ಅಂದರೆ ವಾನರ, ಅಂತ ಕೂಗಿದರು. ಗಕ್ಕನೆ ನಿಂತ. ತಿರುಗಿ ಬೆರಳು ತೋರಿಸಿದ. ಕೂಗಿದ್ದು 13 ವರ್ಷದ ಹುಡುಗಿ. ಮರುದಿನ ಪತ್ರಕರ್ತರ ಮುಂದೆ ಅವನೇ ಹೇಳಿದ, ಅವಳನ್ನು ದೂರಬೇಡಿ, ಅವಳಿಗೆ ಬೆಂಬಲ ಬೇಕು ಅಂತ. ನನಗಂತೂ ಅಷ್ಟು ದೊಡ್ಡ ಮನಸ್ಸಿಲ್ಲ.

2014ರಲ್ಲಿ ದೇಶ ಅವನನ್ನು ವರ್ಷದ ಆಸ್ಟ್ರೇಲಿಯನ್ ಅಂತ ಆರಿಸಿತು. ಅವನು ವರ್ಣಭೇದದ ಬಗ್ಗೆ ಮಾತಾಡಿದ. 2015ರ ಹೊತ್ತಿಗೆ ಊರೂರಲ್ಲಿ ಪ್ರೇಕ್ಷಕರಿಂದ ಬೂ ಅನ್ನುವ ಮೂದಲಿಕೆ! ಚೆಂಡು ಮುಟ್ಟಿದರೆ ಸಾಕು, ಸಾವಿರಾರು ಗಂಟಲು. ಕಾರ್ಲ್‌ಟನ್ ವಿರುದ್ಧ ಗೋಲು ಹೊಡೆದು ತನ್ನ ಜನರ ಯುದ್ಧ ಕುಣಿತ ಕುಣಿದು, ಈಟಿ ಎಸೆದಂತೆ ಕೈ ಬೀಸಿದ. ಅದೂ ತಪ್ಪಾಯ್ತು.

"ಫ್ರೀ ಕಿಕ್‌ಗೆ ನಾಟಕ ಮಾಡ್ತಿದ್ದ, ಬೂ ಅಂದಿದ್ದು ಅದಕ್ಕೇ" ಅನ್ನುವವರಿದ್ದಾರೆ. ಸರಿ, 1999ರಿಂದ ಅವನು ಆಡಿದ್ದು ಅದೇ ಆಟ ಅಲ್ವಾ? ಬಾಯಿ ಬಿಟ್ಟ ಮೇಲೇ ಯಾಕೆ ಅದು ಕಣ್ಣಿಗೆ ಬಿತ್ತು? ಫ್ರೀ ಕಿಕ್‌ಗೆ ಬೀಳುವ ಬೇರೆ ಯಾರನ್ನು ಹೀಗೆ ಇಡೀ ಸೀಸನ್ ಅಟ್ಟಾಡಿಸಿದರು?

ನನ್ನ ಬಣ್ಣ ನೋಡಿ ಇಲ್ಲಿ ಒಬ್ಬ ರಸ್ತೆಯಲ್ಲಿ ಕೂಗಿದ್ದ. ಒಬ್ಬನೇ, ಒಂದೇ ಮಾತು. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಇದನ್ನು ಮನೆಯಲ್ಲೂ ಹೇಳಿಲ್ಲ. ಗುಡ್ಸ್ ಅದನ್ನು ತುಂಬಿದ ಮೈದಾನದಲ್ಲಿ, ವಾರ ವಾರ ಕೇಳಿಸಿಕೊಂಡ. ಕೊನೆಗೆ ಒಂದು ಪಂದ್ಯಕ್ಕೆ ಬರಲಾಗದೆ ಹೊರಗುಳಿದ. ಅದೇ ಸೆಪ್ಟೆಂಬರ್‌ನಲ್ಲಿ ನಿವೃತ್ತಿ. ಗ್ರ್ಯಾಂಡ್ ಫೈನಲ್ ದಿನ ನಿವೃತ್ತರೆಲ್ಲ ಮೈದಾನ ಸುತ್ತಿ ಬೀಳ್ಕೊಡುಗೆ ಪಡೆಯುತ್ತಾರೆ. ಅವನು ಹೋಗಲಿಲ್ಲ.

ಈ ಆಟದ ಲೀಗ್ ಎಎಫ್‌ಎಲ್ ಮತ್ತು ಅದರ 18 ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. 2021ರಲ್ಲಿ ಈ ಆಟದ ಮಹಾನ್ ಆಟಗಾರರಿಗೆ ಕೊಡುವ ಹಾಲ್ ಆಫ್ ಫೇಮ್ ಗೌರವ ಬೇಡ ಅಂದ. ಅದನ್ನೂ ಕೊಬ್ಬು ಅಂತಾರೆ. ಬೂ ಅನ್ನುವಾಗ ಗಟ್ಟಿಯಾಗಿ ಅವನ ಪಕ್ಕದಲ್ಲಿ ನಿಲ್ಲದ ಲೀಗ್ ಈಗ ಹಾರ ಹಿಡಿದು ಕರೆದರೆ ಅವನು ಕತ್ತು ಬಗ್ಗಿಸಲೇಬೇಕಾ?