ಸಮಿತಿ ಮಾಡಿದರೆ ಸಾಲದು

ಕಷ್ಟದ ಸಮಸ್ಯೆಗೆ ಬೇರೆ ಬೇರೆ ವಿಷಯದ ತಜ್ಞರನ್ನು ಒಂದೇ ಸಮಿತಿಯಲ್ಲಿ ಕೂರಿಸಿದರೆ ಸಾಕು ಎಂದು ಬರೆದಿದ್ದೀರಿ. ಸುಮ್ನೆ ಕೂರಿಸಿದರೆ ಹರಟೆ ಆಗುತ್ತದೆ, ಅಷ್ಟೇ. ಎಲ್ಲರ ಮುಂದೆ ಒಂದೇ ಪ್ರಶ್ನೆ ಇರಬೇಕು. ಡೈನೋಸಾರ್‌ಗಳು ಹೇಗೆ ಅಳಿದವು ಎಂದು ಪತ್ತೆಹಚ್ಚಿದ ಕತೆಯನ್ನೇ ನೋಡಿ. ಇಟಲಿಯ ಗುಬ್ಬಿಯೊದಲ್ಲಿದ್ದ, ಡೈನೋಸಾರ್‌ಗಳು ಅಳಿದ ಕಾಲದ ತೆಳುವಾದ ಜೇಡಿಮಣ್ಣಿನ ಪದರವೊಂದು ಭೂವಿಜ್ಞಾನಿ ವಾಲ್ಟರ್ ಆಲ್ವಾರೆಜ್ ಅವರ ತಲೆ ಕೆಡಿಸಿತ್ತು. ಅದು ಕೂಡಿಕೊಳ್ಳಲು ಎಷ್ಟು ಕಾಲ ಹಿಡಿಯಿತು? ಇದಕ್ಕೆ, ಆಕಾಶದ ಧೂಳಿನ ಜೊತೆ ಒಂದೇ ಸಮನೆ ಬೀಳುವ ಇರಿಡಿಯಂ ಎಂಬ ಲೋಹವನ್ನು ಅಳೆಯೋಣ ಎಂದವರು ವಾಲ್ಟರ್ ಅವರ ಅಪ್ಪ, ಭೌತವಿಜ್ಞಾನಿ ಲೂಯಿಸ್. ಅಳೆದುಕೊಟ್ಟವರು ರಸಾಯನಶಾಸ್ತ್ರಜ್ಞರಾದ ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮಿಶೆಲ್. ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ ಸಿಕ್ಕಿತು! ಭೂಮಿಯ ಮೇಲ್ಪದರದಲ್ಲಿ ಅಪರೂಪದ ಲೋಹ ಅದು, ಉಲ್ಕೆಗಳಲ್ಲಿ ಹೆಚ್ಚು. ಆಕಾಶದಿಂದ ಬಂಡೆ ಅಪ್ಪಳಿಸಿ ಡೈನೋಸಾರ್‌ಗಳು ಅಳಿದವು ಎಂಬ ವಾದ 1980ರಲ್ಲಿ ಬಂದದ್ದು ಹೀಗೆ. ಪಳೆಯುಳಿಕೆ ತಜ್ಞರಲ್ಲಿ ಹಲವರು ವರ್ಷಗಟ್ಟಲೆ ಅದನ್ನು ಒಪ್ಪಲಿಲ್ಲ. ಹೊರಗಿನವರು ಬಂದು ಹೇಳಿದರೆ ಯಾರಿಗೆ ತಾನೇ ಇಷ್ಟ ಆಗುತ್ತದೆ, ಅಲ್ವಾ?