ಟೈಗರಿಗೊಂದು ಒಗ್ಗರಣೆ

ನನ್ನ ಬಿಳಿ ಮುಂಡು ಬಕೆಟಿನಲ್ಲಿ ಕೆಂಪಾಗಿ ಬಿದ್ದಿದೆ. ಯಾರಾದರೂ ನೋಡಿದರೆ ಕೊಲೆ ಕೇಸು ಅಂದುಕೊಳ್ಳಬೇಕು. ಆರೋಪಿ ಮಾತ್ರ ಮೈಯೆಲ್ಲ ಹಳದಿ ಬಳಿದುಕೊಂಡು, ಅರಿಶಿನ ಶಾಸ್ತ್ರಕ್ಕೆ ಕೂತ ಮದುಮಗನ ಹಾಗೆ ಜಗಲಿಯ ಕೆಳಗೆ ಕೂತಿದ್ದಾನೆ. ಹೆಸರು ಟೈಗರ್. ಕಾಗೆಗೆ ಹೆದರುವ ಟೈಗರ್.

ಶುರುವಾದದ್ದು ಉಣುಗಿನಿಂದ. ಕಳೆದ ವಾರ ಅವನ ಕಿವಿ ಮಡಚಿ ನೋಡಿದರೆ ಹೆಸರುಕಾಳಿನ ಗಾತ್ರದವು ಸಾಲಾಗಿ ಕೂತಿದ್ದವು. 17ರವರೆಗೆ ಎಣಿಸಿ ಬಿಟ್ಟೆ. ಅಷ್ಟರಲ್ಲಿ ಪಾಗಾರದ ಮೇಲೆ ನೆರೆಮನೆಯ ಮಾವನ ತಲೆ ಕಂಡಿತು.

ಮಾವನ ಹತ್ತಿರ ಎಲ್ಲದಕ್ಕೂ ಒಂದು ಸೊಪ್ಪು ಉಂಟು. ಮಂಡಿನೋವಿಗೆ, ಕೆಮ್ಮಿಗೆ, ಹೆದರಿದ ಮಗುವಿಗೆ. ಪಂಪ್ ಕೆಟ್ಟಾಗ ಕೇಳಿದ್ದರೆ ಅದಕ್ಕೂ ಕಷಾಯ ಹೇಳುತ್ತಿದ್ದರೋ ಏನೋ. ಆದರೆ ಅಳತೆ ಮಾತ್ರ ಬಾಯಿ ಬಿಡುವುದಿಲ್ಲ.

"ಇಂಗ್ಲಿಷ್ ಮದ್ದು ಎಂತಕ್ಕೆ? ಬೇವಿನ ಸೊಪ್ಪು ಕುದಿಸಿ ಮೀಯಿಸು."

"ಎಷ್ಟು ಸೊಪ್ಪು?"

"ಒಂದು ಅಂದಾಜಿಗೆ."

"ಎಷ್ಟು ದಿನ?"

"ಗುಣ ಆಗುವವರೆಗೆ."

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಬೇವಿನ ಸೊಪ್ಪು ಅಂದರೆ ಒಗ್ಗರಣೆಗೆ ಹಾಕುವುದು. ಗಟ್ಟದ ಮೇಲಿನವರ ಕರಿಬೇವು. ಹಿತ್ತಿಲಿನ ಗಿಡವನ್ನು ಬೋಳಿಸಿ, ಬಚ್ಚಲಿನ ಹಂಡೆಯಲ್ಲಿ ಕುದಿಸಿದೆ. ಪರಿಮಳ ಅಡುಗೆಮನೆಗೆ ಹೋಯಿತು. ಹೆಂಡತಿ ಒಳಗಿಂದಲೇ, "ಸಾರಿಗೆ ಉಪ್ಪು ಹಾಕಿದ್ದೀರಾ?" ಅಂದಳು.

ಸ್ನಾನ ಅಂದರೆ ತೋಟದ ಆಚೆ ಓಡುವ ನಾಯಿ ಅವತ್ತು ಅಲ್ಲಾಡದೆ ನಿಂತ. ಬಿಟ್ಟ ಮೇಲೆ ಶುರುವಾಯಿತು ನೋಡಿ. ಮುಂಗಾಲು ನೆಕ್ಕಿದ, ಹೊಟ್ಟೆ ನೆಕ್ಕಿದ, ಬಾಲ ಹಿಡಿಯಲು ಎರಡು ಸುತ್ತು ಹಾಕಿದ. ತನ್ನ ರುಚಿ ತನಗೇ ಹಿಡಿಸಿತ್ತು. ಯಾವತ್ತೂ ಹತ್ತಿರ ಬಾರದ ಬೆಕ್ಕು ಬಂದು ಒಂದು ಮೊಳ ದೂರದಲ್ಲಿ ಕೂತಿತು. ದಾರಿಯ ಎರಡು ನಾಯಿಗಳು ಗೇಟಿನ ಸಂದಿಯಲ್ಲಿ ಮೂಗು ತೂರಿಸಿದವು. ಅಂಚೆಯವರು ಪತ್ರ ಕೊಟ್ಟು, ಆಸೆಯಿಂದ ಒಳಗೆ ನೋಡಿ, "ಇವತ್ತು ಊಟಕ್ಕೆ ಎಂತ ವಿಶೇಷ?" ಅಂತ ಕೇಳಿದರು. ಉಣುಗುಗಳಿಗೂ ಒಗ್ಗರಣೆ ಇಷ್ಟವಾಗಿರಬೇಕು. ಮರುದಿನ ಒಂದೂ ಕಮ್ಮಿ ಆಗಿರಲಿಲ್ಲ.

"ಅದಲ್ಲ ಮಾರಾಯ, ಕಹಿಬೇವು!" ಅಂದರು ಮಾವ. ಮದ್ದು ಮೈಸೂರಿನ ಅಳಿಯ ವಾಯ್ಸ್ ಮೆಸೇಜಿನಲ್ಲಿ ಕಳಿಸಿದ್ದಂತೆ. ಅಲ್ಲಿ ಬೇವು ಅಂದರೆ ಕಹಿಬೇವೇ.

"ಮೊದಲೇ ಹೇಳಬಹುದಿತ್ತಲ್ವಾ?"

"ನೀನು ಕೇಳಲಿಲ್ಲ."

ಕಹಿಬೇವು ಒಣ ಸೀಮೆಯ ಮರ. ನಮ್ಮ ಮಳೆಯಲ್ಲಿ ಅಪರೂಪ. ಇಲ್ಲಿ ನಮಗೆ ಹೊಸವರ್ಷ ಅಂದರೆ ವಿಷು, ಯುಗಾದಿಯ ಬೇವುಬೆಲ್ಲ ಕನ್ನಡ ಪಾಠದಲ್ಲಿ ಓದಿದ್ದು ಅಷ್ಟೇ. ಹಾಗಾಗಿ ಪೇಟೆಗೆ ಹೋಗಿ ಬೇವಿನ ಎಣ್ಣೆ ಕೇಳಿದೆ. ಅಂಗಡಿಯವರು "ಕರಿವೇಪ್ಪಿಲದ್ದಾ? ಕೂದಲಿಗಾ?" ಅಂದರು. ಕೂದಲಿಗೇ, ಆದರೆ ನನ್ನದಲ್ಲ ಅಂದೆ. ಅವರು ನನ್ನ ಬೋಳುತಲೆ ನೋಡಿ, ಇರಲಿ ಪಾಪ, ಅನ್ನುವ ಹಾಗೆ ತಲೆಯಾಡಿಸಿದರು. ಕೊನೆಗೆ 'ಆರ್ಯವೇಪ್ಪು' ಅಂತ ಮಲಯಾಳದಲ್ಲಿ ಹೇಳಿದ ಮೇಲೆ ಸರಿಯಾದ ಬಾಟಲಿ ಬಂತು.

ನಮ್ಮ ಅಜ್ಜಿಗೆ ಈ ತಾಪತ್ರಯ ಇರಲಿಲ್ಲ. ಅವಳು ಗಿಡದ ಹೆಸರೇ ಹೇಳುತ್ತಿರಲಿಲ್ಲ. ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗಿ, "ಇದು" ಅನ್ನುತ್ತಿದ್ದಳು. ಎಲೆ ಉಜ್ಜಿ ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಬಾವಿಕಟ್ಟೆಯ ಒದ್ದೆಯಲ್ಲಿ ಬಜೆ, ತೋಡಿನ ಬದಿಯಲ್ಲಿ ನೆಕ್ಕಿ ಗಿಡ. ಈಗ ಬಾವಿಕಟ್ಟೆಯ ಸುತ್ತ ಇಂಟರ್‌ಲಾಕ್. ನಾನೇ ಹಾಕಿಸಿದ್ದು.

ಇರಲಿ. ಇವತ್ತು ಬೆಳಿಗ್ಗೆ ತೆಂಗಿನೆಣ್ಣೆಗೆ ಸ್ವಲ್ಪ ಬೇವಿನೆಣ್ಣೆ, ಮಾವನ ಅಂದಾಜಿನಷ್ಟು ಅರಿಶಿನ ಕಲಸಿ ಹಚ್ಚಿದೆ. ಆಮೇಲೆ ಮದುವೆಗೆ ಅಂತ ಮುಂಡು ಉಟ್ಟು ಬಂದೆ. ನಾಯಿ ಮೈ ಕೊಡವುವುದನ್ನು ನೋಡಿದ್ದೀರಲ್ಲ? ಮೊದಲು ಮೂಗು ಅಲ್ಲಾಡುತ್ತದೆ. ಆಮೇಲೆ ಕಿವಿ ಪಟಪಟ. ಅಲ್ಲಿಂದ ಸೊಂಟಕ್ಕೆ ಇಳಿದು ಬಾಲದ ತುದಿಯಲ್ಲಿ ಮುಗಿಯುತ್ತದೆ. ಮೂಗು ಅಲ್ಲಾಡುವಾಗಲೇ ಓಡಬೇಕು. ನಾನು ಓಡಲಿಲ್ಲ. ಗಡಿಬಿಡಿಯಲ್ಲಿ ಮುಂಡಿಗೆ ಬಟ್ಟೆ ಸೋಪು ತಿಕ್ಕಿದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗುತ್ತದಲ್ಲ, ಸೋಪಿನ ಕ್ಷಾರಕ್ಕೂ ಅದೇ ಗತಿ.

ಮದುವೆ ಬಿಟ್ಟು ಹಳೇ ಲುಂಗಿಯಲ್ಲೇ ಟೈಗರನ್ನು ಆಟೋ ಹತ್ತಿಸಿ ಪಶುವೈದ್ಯರ ಹತ್ತಿರ ಹೋದೆ. ಅವರು ಮೂಸಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಇವನ ಗೂಡು ಯಾವುದರದ್ದು?"

ಮುರಕಲ್ಲಿಂದು, ಸಾರಣೆ ಆಗಿಲ್ಲ ಅಂದೆ. ಸರಿ, ಉಣುಗಿಗೆ ಅದೇ ಮನೆ ಅಂದರು. ರಕ್ತ ಕುಡಿದು ಉದುರುತ್ತದೆ, ಗೋಡೆಯ ತೂತಿಗೆ ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಗೋಡೆ ಬಿಟ್ಟು ನಾಯಿಯನ್ನಷ್ಟೇ ತೊಳೆದರೆ ಮುಗಿಯುವ ಕೆಲಸ ಅಲ್ಲ. ಮಾವ ಅನ್ನಕ್ಕೆ ಬೆಳ್ಳುಳ್ಳಿ ಹಾಕಲಿಕ್ಕೂ ಹೇಳಿದ್ದರು ಅಂದಾಗ ಮಾತ್ರ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ರಕ್ತಕಣವನ್ನೇ ಒಡೆಯುತ್ತವಂತೆ. ಸದ್ಯ, ಮನೆಯಲ್ಲಿ ಬೆಳ್ಳುಳ್ಳಿ ಮುಗಿದಿತ್ತು.

ಈಗ ಪಾಗಾರದ ಮೇಲೆ ಮತ್ತೆ ತಲೆ. ಬಕೆಟ್ ನೋಡಿದರು. "ಅರಿಶಿನದ ಕಲೆಯಾ? ಅದಕ್ಕೊಂದು ಸೊಪ್ಪು ಉಂಟು."

"ಹೆಸರು ಬೇಡ ಮಾವ. ಬಂದು ತೋರಿಸಿ."

ಗೇಟು ಸುತ್ತಿ ಬರುತ್ತಿದ್ದಾರೆ. ಉಟ್ಟದ್ದು ಬಿಳಿ ಮುಂಡು, ಈಗಷ್ಟೇ ಇಸ್ತ್ರಿ ಹಾಕಿದ್ದು. ಟೈಗರ್ ಎದ್ದು ನಿಂತಿದ್ದಾನೆ. ಮೂಗು ಸಣ್ಣಗೆ ಅಲ್ಲಾಡುತ್ತಿದೆ.