ತಲೆಯೊಳಗಿನ ನುಚ್ಚು

ಮೀನಿನ ತಲೆಯನ್ನು ಎಸೆಯುವ ಪದ್ಧತಿ ಕಾರವಾರದ ಕಡೆ ಇಲ್ಲ. ಇಸವಾಣದ ತಲೆಯ ಸಾರಿಗಂತೂ ಮನೆಯೊಳಗೇ ಪಾಲುಪಟ್ಟಿ ನಡೆಯುತ್ತದೆ. ಹೀಗೆ ತಲೆ ಚೀಪುವ ಶ್ರದ್ಧೆಯಲ್ಲಿರುವಾಗ, ಅದರಲ್ಲೂ ಕ್ರೋಕರ್ ಬಳಗದ ಮೀನಾದರೆ, ಹಲ್ಲಿಗೆ ‘ಕಟಕ್’ ಎಂದು ಏನೋ ಸಿಗುತ್ತದೆ. ಮೊದಲ ಆರೋಪ ಅಕ್ಕಿಯ ಮೇಲೆ, ಎರಡನೆಯದು ಅಕ್ಕಿ ಆರಿಸಿದವರ ಮೇಲೆ. ಆಪಾದಿತ ವಸ್ತು ಬಾಯಿಂದ ಹೊರಬಂದು ಮುಳ್ಳು, ಮುರುಗಲ ಸಿಪ್ಪೆ, ಜುಮ್ಮನಕಾಯಿಗಳ ಜೊತೆ ತಟ್ಟೆಯಂಚಿಗೆ ಸೇರುತ್ತದೆ. ಊಟ ಮುಂದುವರಿಯುತ್ತದೆ.

ಅದು ಅಕ್ಕಿಯ ಕಲ್ಲಲ್ಲ, ಮೀನಿನದೇ ಕಲ್ಲು. ಕಿವಿಗಲ್ಲು, ವಿಜ್ಞಾನದವರ ಬಾಯಲ್ಲಿ ಓಟೊಲಿತ್. ‘ತಲೆಯಲ್ಲೇನು ಕಲ್ಲು ತುಂಬಿದೆಯೇ?’ ಎಂಬ ಬೈಗುಳಕ್ಕೆ ಮೀನಾದರೆ ಸಂಕೋಚವಿಲ್ಲದೆ ಹೌದೆನ್ನಬಹುದು. ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು.

ಕಿವಿಮೂಳೆ ಎಂದು ಕರೆಯುವುದು ರೂಢಿಯಾದರೂ ಅದು ಮೂಳೆಯಲ್ಲ. ಅಘನಾಶಿನಿಯ ಬಳಚಿನ ಚಿಪ್ಪಿನ ಹಾಗೆ ಕ್ಯಾಲ್ಸಿಯಂ ಕಾರ್ಬೊನೇಟು, ಹೆಚ್ಚಾಗಿ ಅರಾಗೊನೈಟ್ ಎಂಬ ಹರಳಿನ ರೂಪದಲ್ಲಿ. ನಡುನಡುವೆ ತುಸು ಪ್ರೋಟೀನಿನ ಗಾರೆ. ಮೂರು ಜೋಡಿಯಲ್ಲಿ ಸಾಮಾನ್ಯವಾಗಿ ದೊಡ್ಡದು ಸಜಿಟ್ಟಾ. ಉಳಿದ ಲ್ಯಾಪಿಲಸ್, ಆಸ್ಟರಿಸ್ಕಸ್‌ಗಳು ಕಣ್ಣಿಗೆ ಬಿದ್ದರೆ ಪುಣ್ಯ. ಮೀಸೆ ಹೊತ್ತ ಸಮುದ್ರದ ಕ್ಯಾಟ್‌ಫಿಶ್‌ಗಳಲ್ಲಿ ಮಾತ್ರ ಲ್ಯಾಪಿಲಸ್ಸೇ ಹಿರಿಯಣ್ಣ. ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರವಾದ್ದರಿಂದ ಸದ್ದು ಬಂದಾಗ ಮೈಯೂ ನೀರಿನೊಂದಿಗೆ ಅಲುಗುತ್ತದೆ. ಭಾರದ ಕಲ್ಲು ಹಿಂದೆ ಉಳಿಯುತ್ತದೆ. ಆಗ ಅದರ ಕೆಳಗಿನ ಸೂಕ್ಷ್ಮ ರೋಮಗಳು ಬಾಗುತ್ತವೆ; ಮೀನಿಗೆ ಕೇಳಿಸುವುದು ಹೀಗೆ. ಮೈ ವಾಲಿದ್ದು ತಿಳಿಯುವುದೂ ಹೀಗೆಯೇ. ನಮ್ಮ ಕಿವಿಯಲ್ಲೂ ಇಂಥವೇ ಧೂಳಿನಂಥ ಹರಳುಗಳಿವೆ. ಅವು ಜಾಗ ತಪ್ಪಿದ ದಿನ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಮನೆ ಗಿರ್ರೆನ್ನುತ್ತದೆ.

ಮೊಟ್ಟೆಯೊಳಗಿನ ಭ್ರೂಣದಲ್ಲೇ ಈ ಕಲ್ಲಿಗೆ ಬೀಜ ಬೀಳುತ್ತದೆ. ಆಮೇಲೆ ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಮೀನಿನ ಹುರುಪೆಯಲ್ಲೂ ಉಂಗುರಗಳಿವೆ. ಆದರೆ ಹುರುಪೆ ಉದುರಿ ಮತ್ತೆ ಹುಟ್ಟುತ್ತದೆ, ಹಸಿವಿನ ಕಾಲದಲ್ಲಿ ಮೀನು ಅದರ ಅಂಚನ್ನೇ ಕರಗಿಸಿಕೊಳ್ಳುವುದೂ ಉಂಟು. ಕಿವಿಗಲ್ಲು ಒಮ್ಮೆ ಬರೆದುಕೊಂಡದ್ದನ್ನು ಅಳಿಸುವುದಿಲ್ಲ. 1899ರಲ್ಲಿ ಜರ್ಮನಿಯ ರೈಬಿಷ್, ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಲ್ಲಿನಲ್ಲಿ ವರ್ಷದ ಉಂಗುರಗಳನ್ನು ಎಣಿಸಿ ತೋರಿಸಿದರು. ಚಳಿಗಾಲ ಬಂದರೆ ಬೆಳವಣಿಗೆ ಕುಂಠಿತವಾಗುವ ಸಮುದ್ರಗಳಲ್ಲಿ ಅದು ಸರಿ. ಕಾರವಾರದ ಬೈತಖೋಲ ಬಂದರಿಗೆ ಬರುವ ಮೀನಿಗೆ ಅಂಥ ಚಳಿ ಎಲ್ಲಿಂದ ಬರಬೇಕು? ಇಲ್ಲಿ ಉಂಗುರ ಮೂಡಿಸುವುದು ಮಳೆಗಾಲವೋ, ಮೊಟ್ಟೆಯಿಡುವ ಆಯಾಸವೋ, ಎರಡೂ ಸೇರಿಯೋ ಎಂಬುದನ್ನು ಪ್ರತಿ ಜಾತಿಗೂ ಬೇರೆಯಾಗಿ ಪರೀಕ್ಷಿಸಬೇಕು. ಸಾಲದ್ದಕ್ಕೆ ತಾರ್ಲೆಯಂಥ ಸಣ್ಣ ಮೀನುಗಳು ಬದುಕುವುದೇ ಎರಡು ಮೂರು ವರ್ಷ. ವರ್ಷದ ಲೆಕ್ಕ ಹಿಡಿದು ಅವುಗಳ ಬಾಲ್ಯ ಅಳೆಯುವುದೆಂದರೆ ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. 1971ರಲ್ಲಿ ಪನ್ನೆಲ್ಲಾ ಎಂಬವರು ಕಲ್ಲಿನಲ್ಲಿ ದಿನಕ್ಕೊಂದು ಗೆರೆಯೂ ಇದೆ ಎಂದು ತೋರಿಸಿದ ಮೇಲೆ ಉಷ್ಣವಲಯದ ಮೀನಿಗೂ ಜಾತಕ ಬರೆಯುವುದು ಸಾಧ್ಯವಾಯಿತು.

ಜಾತಕ ಬರೆಯುವ ಕೆಲಸ ಮೀನನ್ನು ಅಳೆಯುವುದರಿಂದ ಶುರು. ತಲೆ ತೆಗೆದ ಮೇಲೆ ಉದ್ದ ಎಷ್ಟಿತ್ತೆಂದು ಯಾರನ್ನು ಕೇಳುವುದು? ಉದ್ದ, ತೂಕ, ಗಂಡೋ ಹೆಣ್ಣೋ, ಮೊಟ್ಟೆ ಎಷ್ಟು ಬಲಿತಿದೆ, ಹಿಡಿದ ದಿನ, ಜಾಗ ಎಲ್ಲ ಮೊದಲೇ ಬರೆದಿರಬೇಕು. ಕಲ್ಲಿಗೆ ದಾರಿ ಎರಡು. ಒಂದು, ಕಣ್ಣಿನ ಮೇಲಂಚಿನ ನೇರಕ್ಕೆ ಅಡ್ಡ ಕೊಯ್ದು, ಎಳನೀರಿನ ಮುಚ್ಚಳ ಎತ್ತಿದಂತೆ ಬುರುಡೆ ಎತ್ತುವುದು. ಮೆದುಳು ಸರಿಸಿದರೆ ಹಿಂಬದಿಯ ಎರಡು ಗುಳಿಗಳಲ್ಲಿ ಒಂದೊಂದು ಬಿಳಿ ನುಚ್ಚು. ಕತ್ತಿ ಕೊಂಚ ಕೆಳಗಿಳಿದರೆ ಕಲ್ಲೂ ಎರಡು ಹೋಳು. ಇನ್ನೊಂದು, ಕಿವಿರು ಕಿತ್ತು ಕೆಳಗಿನಿಂದ ಬುರುಡೆಯ ಉಬ್ಬನ್ನು ಒಡೆದು ಚಿಮಟದಲ್ಲಿ ಎಳೆಯುವುದು. ಇದರಲ್ಲಿ ಮೀನಿನ ಮುಖ ಕೆಡುವುದಿಲ್ಲ. ಬಂಗುಡೆ, ತಾರ್ಲೆಗಳ ಕಲ್ಲು ತೆಳು; ಮುಂದಿನ ಮೊನೆ ಮುರಿದರೆ ಗೆರೆ ಎಣಿಸಬಹುದೇ ಹೊರತು ಉದ್ದಕ್ಕೂ ತೂಕಕ್ಕೂ ಅದನ್ನು ನಂಬುವಂತಿಲ್ಲ. ಕ್ರೋಕರಿನದು ಗಟ್ಟಿ ಕುಳ. ಒಳಮೈಯ ಮೇಲೆ ಗೊದಮೊಟ್ಟೆ ಅಚ್ಚೊತ್ತಿದಂಥ ಗುರುತು ಬೇರೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಹೊರಬಂದ ಕಲ್ಲಿನ ಪೊರೆಯನ್ನು ನೀರಿನಲ್ಲಿ ಬ್ರಷ್ಷಿನಿಂದ ಬಿಡಿಸಿ, ಒಣಗಿಸಿ, ಸಣ್ಣ ಸೀಸೆಗೆ ಹಾಕುವುದು. ಅತಿ ಹೆಚ್ಚು ಕಲ್ಲುಗಳು ಹಾಳಾಗುವುದು ಇಲ್ಲೇ, ಅದೂ ಒಳ್ಳೆಯ ಉದ್ದೇಶದಿಂದ. ಮೀನನ್ನು ಫಾರ್ಮಲಿನ್‌ನಲ್ಲಿ ಇಟ್ಟರೆ ಮೀನು ಉಳಿಯುತ್ತದೆ, ಕಲ್ಲು ಉಳಿಯುವುದಿಲ್ಲ. ಫಾರ್ಮಲಿನ್ ಬರಬರುತ್ತ ಹುಳಿಯಾಗುತ್ತದೆ, ಹುಳಿಗೆ ಕ್ಯಾಲ್ಸಿಯಂ ಕಾರ್ಬೊನೇಟು ಕರಗುತ್ತದೆ. ಆರು ತಿಂಗಳ ಮೇಲೆ ತೆಗೆದರೆ ಗುಳಿ ಇರುತ್ತದೆ, ಕಲ್ಲು ನಾಪತ್ತೆ. ಆಲ್ಕೋಹಾಲ್ ಪರವಾಗಿಲ್ಲ, ಆದರೆ ಚೀಟಿಯನ್ನು ಪೆನ್ನಿನಲ್ಲಿ ಬರೆದಿದ್ದರೆ ಶಾಯಿ ಹೋಗಿ ಕಲ್ಲು ಅನಾಥ. ಪೆನ್ಸಿಲ್ಲೇ ಗತಿ. ಕಾಗದದ ಲಕೋಟೆ ಬೇರೆ ಊರಿಗೆ ಚೆಂದ, ಜೂನ್ ತಿಂಗಳ ಕಾರವಾರಕ್ಕಲ್ಲ. ಚಪ್ಪಲಿಗೇ ಬೂಸ್ಟು ಹಿಡಿಯುವ ಊರು ಲಕೋಟೆಯನ್ನು ಬಿಟ್ಟೀತೇ?

ಇನ್ನು ತೇಯುವ ಕೆಲಸ. ಗಂಧ ತೇಯ್ದ ಕೈಗೆ ಇದು ಒಗ್ಗುತ್ತದೆ. ದೊಡ್ಡ ಕಲ್ಲನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಹುದುಗಿಸಿ, ನಿಧಾನ ತಿರುಗುವ ವಜ್ರದಂಚಿನ ಗರಗಸದಿಂದ ನಡುಬಿಂದುವನ್ನು ಹಾಯ್ದು ಅರ್ಧ ಮಿಲಿಮೀಟರಿಗಿಂತ ತೆಳುವಾದ ಬಿಲ್ಲೆ ಕೊಯ್ಯುತ್ತಾರೆ. ತಾರ್ಲೆಯಂಥ ಮೀನಿನ ನುಚ್ಚಿಗೆ ಗರಗಸ ಬೇಡ. ಗಾಜಿನ ಮೇಲೆ ಬಿಸಿಗೆ ಕರಗುವ ಅಂಟಿನಲ್ಲಿ ಕೂರಿಸಿ, 600, 1200ರ ನೀರುಕಾಗದದ ಮೇಲೆ ತೇಯ್ದು, ಕೊನೆಗೆ 0.3 ಮೈಕ್ರಾನಿನ ಅಲ್ಯುಮಿನಾ ಪುಡಿಯಿಂದ ಹೊಳಪು. ಅಂಟನ್ನು ಅವಸರದಲ್ಲಿ ಕಾಯಿಸಿದರೆ ಕಲ್ಲು ಬಿರಿಯುತ್ತದೆ. ಗುಳ್ಳೆ ಉಳಿದರೆ ಗುಳ್ಳೆಯೇ ಉಂಗುರದಂತೆ ಕಾಣುತ್ತದೆ. ಹತ್ತು ಹದಿನೈದು ಸಲ ಉಜ್ಜಿ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ‘ಇನ್ನು ಸ್ವಲ್ಪ ತೇಯ್ದರೆ ಇನ್ನೂ ಸ್ಪಷ್ಟವಾದೀತು’ ಎಂಬ ಆಸೆಯಲ್ಲೇ ಅಪಾಯವಿರುವುದು. ನಡುಬಿಂದು ಸವೆದುಹೋದರೆ ಮೀನಿನ ಹುಟ್ಟಿದ ದಿನ ಕಾಗದದ ಮೇಲಿನ ಬಿಳಿ ಕೆಸರು. ಅದಕ್ಕೇ ಕಲ್ಲು ಜೋಡಿಯಾಗಿರುವುದು ಎಂದು ಈ ಕೆಲಸದವರು ಸಮಾಧಾನ ಮಾಡಿಕೊಳ್ಳುತ್ತಾರೆ.

ಸರಿಯಾಗಿ ತೇಯ್ದ ಕಲ್ಲನ್ನು ಎಣ್ಣೆಹನಿಯ ಕೆಳಗೆ ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ದಿನದ ಗೆರೆಗಳು ಮರದ ಉಂಗುರದಂತೆ ತೆರೆದುಕೊಳ್ಳುತ್ತವೆ. ಅಕ್ಟೋಬರ್ 15ರಂದು ಹಿಡಿದ ಮರಿ ತಾರ್ಲೆಯಲ್ಲಿ 110 ಗೆರೆ ಸಿಕ್ಕಿತೆನ್ನಿ. ಹಿಂದಕ್ಕೆ ಎಣಿಸಿದರೆ ಜೂನ್ 27. ಮೊದಲ ಗೆರೆ ಮೂಡುವುದು ಮೊಟ್ಟೆಯೊಡೆದ ದಿನವೋ, ಹಳದಿ ಮುಗಿದು ಬಾಯಿ ತೆರೆದ ದಿನವೋ ಎಂಬುದನ್ನು ನೋಡಿ ಒಂದೆರಡು ದಿನ ಸೇರಿಸಬೇಕು. ಅಂದರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ದೋಣಿಗಳು ದಡದಲ್ಲಿ ಮಲಗಿದ್ದಾಗ ಹುಟ್ಟಿದ ಕೂಸು. ಗೆರೆಗಳ ನಡುವಿನ ಅಂತರ ಅಗಲವಾಗಿದ್ದರೆ ಆ ವಾರ ಹೊಟ್ಟೆ ತುಂಬ ಊಟ, ಕಿರಿದಾಗಿದ್ದರೆ ಉಪವಾಸ.

ಬೆಳವಣಿಗೆಯಷ್ಟೇ ಅಲ್ಲ, ಬದುಕಿನ ತಿರುವುಗಳೂ ಅಲ್ಲಿವೆ. ನಂಗು ಮೀನನ್ನೇ ನೋಡಿ. ಮರಿಯಾಗಿದ್ದಾಗ ಎಲ್ಲರಂತೆ ನೆಟ್ಟಗೆ ಈಜುತ್ತದೆ, ಒಂದೊಂದು ಪಕ್ಕಕ್ಕೆ ಒಂದೊಂದು ಕಣ್ಣು. ಆಮೇಲೆ ಒಂದು ಕಣ್ಣು ಆಚೆ ಬದಿಗೆ ಸರಿದು, ಮೀನು ಮರಳಿನ ಮೇಲೆ ಮಲಗಿಬಿಡುತ್ತದೆ. ಈ ಕಾಯಾಪಲಟದ ಹೊತ್ತಿಗೆ ಅನೇಕ ಚಪ್ಪಟೆ ಮೀನುಗಳ ಕಲ್ಲಿನಲ್ಲಿ ಹಳೆಯ ಕೇಂದ್ರದ ಸುತ್ತ ಹೊಸ ಕೇಂದ್ರಗಳೇ ಹುಟ್ಟಿಕೊಳ್ಳುತ್ತವೆ. ಕಾಳಿಯ ಅಳಿವೆಗೂ ಸಮುದ್ರಕ್ಕೂ ಓಡಾಡುವ ಮೀನಾದರೆ ಕಲ್ಲಿನ ಸ್ಟ್ರಾನ್ಷಿಯಂ ಅಳೆಯುತ್ತಾರೆ. ಉಪ್ಪುನೀರಿನಲ್ಲಿ ಕಳೆದ ದಿನಗಳ ಪದರದಲ್ಲಿ ಅದು ಸಾಮಾನ್ಯವಾಗಿ ಹೆಚ್ಚು, ಸಿಹಿನೀರಿನಲ್ಲಿ ಕಡಿಮೆ.

ಇಷ್ಟಾದರೂ ಎಣಿಸುವವರ ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ಒಂದೇ ದಿನದಲ್ಲಿ ಎರಡು ತೆಳುಗೆರೆ ಮೂಡಿ ಮೋಸ ಮಾಡುವುದುಂಟು. ವಯಸ್ಸಾದ ಮೀನಿನ ಅಂಚಿನಲ್ಲಿ ಗೆರೆಗಳು ಅರ್ಧ ಮೈಕ್ರಾನಿಗಿಂತ ಒತ್ತಾಗಿ ಕೂತರೆ ಬೆಳಕಿಗೇ ಅವನ್ನು ಬಿಡಿಸಲಾಗದು. ಆಗ ವಯಸ್ಸು ತಾನಾಗಿ ಕಡಿಮೆಯಾಗುತ್ತದೆ. ಆದ್ದರಿಂದ ಇಬ್ಬರು, ಬೇರೆ ಬೇರೆ ಹೊತ್ತಿನಲ್ಲಿ, ಮೀನಿನ ಉದ್ದ ತಿಳಿಯದೆ ಎಣಿಸಬೇಕು. ಉದ್ದ ಗೊತ್ತಿದ್ದರೆ ಕಣ್ಣು ತನಗೆ ಬೇಕಾದಷ್ಟೇ ಗೆರೆ ಕಾಣುತ್ತದೆ. ತಪ್ಪು ಎಣಿಕೆ ಬರೀ ಪುಸ್ತಕದ ತಪ್ಪಲ್ಲ. ಆಳಸಮುದ್ರದ ಆರೆಂಜ್ ರಫಿ ನೂರು ವರ್ಷ ದಾಟಿ ಬದುಕುತ್ತದೆಂದು ಅದರ ಕಲ್ಲುಗಳಿಂದ ಖಚಿತವಾಗುವ ಹೊತ್ತಿಗೆ, ಅದು ಬೇಗ ಬೆಳೆಯುತ್ತದೆಂದು ನಂಬಿ ಬಲೆಗಳು ಬಹಳಷ್ಟನ್ನು ಎತ್ತಿಯಾಗಿತ್ತು.

ತಟ್ಟೆಯಂಚಿನ ಕಲ್ಲಿಗೆ ಬಂದರೆ, ಅದು ಕುದಿದು ಸುಣ್ಣದಂತೆ ಬೆಳ್ಳಗಾಗಿರುತ್ತದೆ, ಮುರುಗಲ ಹುಳಿ ಮೇಲ್ಮೈಯನ್ನು ತಿನ್ನಲು ಶುರು ಮಾಡಿರುತ್ತದೆ. ಎಣಿಸಲು ಬೇಕಿದ್ದರೆ ಹಸಿ ಮೀನಿನಲ್ಲೇ ತೆಗೆಯಬೇಕು. ಕಿವಿರಿನ ದಾರಿ ಹಿಡಿಯುವುದು ವಾಸಿ. ಕಲ್ಲು ಸೀಸೆಗೆ ಹೋದ ಮೇಲೂ ತಲೆ ಸಾರಿಗೆ ಉಳಿಯುತ್ತದೆ, ಹಲ್ಲಿಗೆ ಏನೂ ಸಿಗುವುದೂ ಇಲ್ಲ. ಸಿಕ್ಕರೆ ಅದು ಅಕ್ಕಿಯದೇ.